ಹೊರೆ ಹೊರದ ಲಾರಿಗಳು

ಆಟಿಕೆ ಲಾರಿಯನ್ನು ಡಬ್ಬಿಯಿಂದ ಹೊರಗೆ ತೆಗೆಯಬಾರದು ಎಂಬ ಶಾಸ್ತ್ರವನ್ನು ಯಾರು ಮಾಡಿದರೋ! ನನ್ನ ಪರಿಚಯದ ಸಂಗ್ರಾಹಕರೊಬ್ಬರ ಬೀರುವಿನಲ್ಲಿ ಇಂಗ್ಲೆಂಡಿನ ಪುಟಾಣಿ ಲಾರಿ, ವ್ಯಾನುಗಳು ಸಾಲಾಗಿ ಕೂತಿವೆ. ಕೈ ಚಾಚಿದರೆ ಅವರ ಮುಖ ಸಣ್ಣಗಾಗುತ್ತದೆ. ದಸರಾ ಗೊಂಬೆಗಳಿಗಾದರೂ ವರ್ಷಕ್ಕೊಮ್ಮೆ ಡಬ್ಬಿಯಿಂದಿಳಿದು ಗಾಳಿ ಕುಡಿಯುವ ಯೋಗವಿದೆ. ಇವಕ್ಕೆ ಅದೂ ಇಲ್ಲ.

ಈ ವಂಶದ ಮೂಲಪುರುಷ ಜ್ಯಾಕ್ ಓಡೆಲ್ ಇಷ್ಟು ಮಡಿವಂತನಾಗಿರಲಿಲ್ಲ. 1947ರಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಗೆಳೆಯರು (ಅಡ್ಡಹೆಸರು ಒಂದೇ, ನೆಂಟಸ್ತನವಿಲ್ಲ) ಲೆಸ್ನಿ ಕಂಪನಿ ಕಟ್ಟಿ, ಉತ್ತರ ಲಂಡನ್ನಿನ ಎಡ್ಮಂಟನ್ನಿನಲ್ಲಿ ಬಾಗಿಲು ಮುಚ್ಚಿದ್ದ ಪಬ್ಬೊಂದರಲ್ಲಿ ಎರಕದ ಕೆಲಸಕ್ಕಿಳಿದರು. ಓಡೆಲ್ ಬೇಗನೆ ಜೊತೆಯಾದ. ಅವನ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಗೆ ಮಾತ್ರ ಪ್ರವೇಶ. ಆ ಹುಡುಗಿ ಪೊಟ್ಟಣದಲ್ಲಿ ಜೇಡ ತುಂಬಿಕೊಂಡು ಹೋಗುತ್ತಿದ್ದಳಂತೆ! ಜೇಡದ ಬದಲಿಗೆಂದು ಅಪ್ಪ ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಚ್‌ಬಾಕ್ಸ್ ಸರಣಿಯ ಹುಟ್ಟು ಅಲ್ಲಿ.

ಕರಗಿಸಿದ ಸತುವಿನ ಮಿಶ್ರಲೋಹವನ್ನು ಒತ್ತಡ ಕೊಟ್ಟು ಉಕ್ಕಿನ ಅಚ್ಚಿಗೆ ನುಗ್ಗಿಸುವುದು ಈ ಆಟಿಕೆಗಳ ಎರಕದ ವಿದ್ಯೆ. ಆ ಸತುವಿನಲ್ಲಿ ಚೂರು ಸೀಸ ಬೆರೆತರೂ ಕೇಡು: ವರ್ಷಗಳು ಕಳೆದಂತೆ ಲೋಹ ಬಿರುಕುಬಿಟ್ಟು ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಆಟಿಕೆಗಳು ಹೀಗೇ ಹೋದವು. ಬೀರುವಿಗೆ ಎಂಥ ಬೀಗ ಹಾಕಿದರೂ ಈ ರೋಗ ಒಳಗಿನದು.

ಹಳೆಯ ಯಂತ್ರಗಳೆಂದರೆ ಓಡೆಲ್‌ಗೆ ಪ್ರಾಣ. 1956ರಲ್ಲಿ ‘ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್’ ಸರಣಿ ಹೊರಟಿತು. ಅದರಲ್ಲೊಂದು ಸೆಂಟಿನೆಲ್ ಉಗಿಲಾರಿ. ಪಕ್ಕದಲ್ಲಿ ಮರಳು-ಜಲ್ಲಿ ಸರಬರಾಜಿನವರ ಬೋರ್ಡು. ಯಾವನೋ ಹುಡುಗ ಅದರಲ್ಲಿ ನಿಜವಾದ ಮರಳನ್ನೇ ತುಂಬಿರುತ್ತಾನೆ ಎಂಬ ಖಾತ್ರಿ ನನಗಿದೆ. ಬರಬರುತ್ತ ಗಿರಾಕಿಗಳಿಗೆ ಮೀಸೆ ಮೂಡಿತು. 1979ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ವ್ಯಾನಿಗೆ ಒಂದೇ ಮೈ, ಹಲವು ವೇಷ: ಒಮ್ಮೆ ಕೋಲ್ಮನ್ ಸಾಸಿವೆ, ಇನ್ನೊಮ್ಮೆ ಕೋಕಾ-ಕೋಲಾ. ಬಣ್ಣ, ಬರಹ ಬದಲಾಯಿಸಿದರೆ ಹೊಸ ಮಾಡೆಲ್! ಸಂಗ್ರಾಹಕನಿಗೆ ಎಲ್ಲವೂ ಬೇಕು.

1982ರಲ್ಲಿ ಲೆಸ್ನಿ ದಿವಾಳಿಯೆದ್ದಿತು. ಓಡೆಲ್ ತನ್ನ ಹೆಸರನ್ನೇ ತಿರುವುಮುರುವಾಗಿಸಿ ಲೆಡೊ ಎಂಬ ಕಂಪನಿ ತೆರೆದ. ಮರುವರ್ಷ ‘ಡೇಸ್ ಗಾನ್’ ಸರಣಿ ಬಂತು. ಕುದುರೆ ಎಳೆಯುವ ಹಾಲಿನ ಗಾಡಿ, ಹಳೆಯ ವ್ಯಾನು, ಬಸ್ಸು, ಲಾರಿ. ಯಾವ ವ್ಯಾಪಾರಿ ಕೇಳಿದರೂ ಅವನ ಹೆಸರು ಬರೆದುಕೊಡುತ್ತಿದ್ದರು. 1999ರಲ್ಲಿ ಲೆಡೊ ಕೂಡ ಮುಗ್ಗರಿಸಿ ಕಾರ್ಗಿ ಎಂಬ ಇನ್ನೊಂದು ಆಟಿಕೆ ಕಂಪನಿಯ ಪಾಲಾಯಿತು.

ತಮಾಷೆ ಇರುವುದು ಬೆಲೆಯಲ್ಲಿ. ಮಕ್ಕಳು ಮೆಟ್ಟಿಲಿನಿಂದ ಉರುಳಿಸಿ, ಮಣ್ಣಿನಲ್ಲಿ ಹೂತು ಹಾಳುಮಾಡಿದ ಮೊದಲ ಮ್ಯಾಚ್‌ಬಾಕ್ಸ್‌ಗಳಲ್ಲಿ ಪೆಟ್ಟಾಗದೆ ಉಳಿದವು ವಿರಳ. ಅದಕ್ಕೇ ಅವು ತುಟ್ಟಿ. ಮುಂದೆ ದುಡ್ಡಾದೀತೆಂದು ಜನ ಜೋಪಾನವಾಗಿ ಎತ್ತಿಟ್ಟ ಡೇಸ್ ಗಾನ್‌ಗಳು ಬಹುಪಾಲು ಹಾಗೇ ಉಳಿದಿವೆ. ಅದಕ್ಕೇ ಅವುಗಳಲ್ಲಿ ಹೆಚ್ಚಿನವಕ್ಕೆ ಚಿಲ್ಲರೆ ಕಾಸು. ನಮ್ಮ ಸಂಗ್ರಾಹಕರಿಗೆ ಇದನ್ನು ಹೇಳಿದೆ. “ಎಲ್ಲರೂ ಮಾರಿಬಿಡಲಿ, ಆಮೇಲೆ ನನ್ನದೇ ರಾಜ್ಯ” ಎಂದರು.

ಹಳೆಯ ಮ್ಯಾಚ್‌ಬಾಕ್ಸಿನ ಖಾಲಿ ಡಬ್ಬಿಗೂ ಈಗ ಗಿರಾಕಿಗಳಿದ್ದಾರೆ. ಲಾರಿ ಕಳೆದು ಡಬ್ಬಿಯನ್ನು ಮಾತ್ರ ಕಾಪಾಡಿಕೊಂಡ ಆ ಪುಣ್ಯಾತ್ಮ ಹುಡುಗ, ಅಷ್ಟು ದಿನ ಅದರಲ್ಲಿ ಏನಿಟ್ಟುಕೊಂಡಿದ್ದನೋ!