ಕೀಮೋ ಮುಗಿದ ವರ್ಷದ ಅಡಿಕೆ ಸುಲಿತ

ಸ್ತನದಲ್ಲಿ ಗಡ್ಡೆ ಸಿಕ್ಕಿದ್ದು, ಆಪರೇಶನ್ ಆದದ್ದು, ಕೂದಲು ಉದುರಿದ್ದು, ಇದನ್ನೆಲ್ಲ ನೆಂಟರಿಷ್ಟರು ಕೇಳಿ ಕೇಳಿ ತಿಳಿದಿದ್ದಾರೆ. ಕೀಮೋ ಮುಗಿದ ಮೇಲೇನಾಯಿತು ಎಂದು ಕೇಳಿದವರು ಕಡಿಮೆ. "ಮುಗೀತಲ್ಲ, ಇನ್ನೇನು" ಎನ್ನುವಲ್ಲಿಗೆ ಎಲ್ಲರ ಮಟ್ಟಿಗೂ ಕಥೆ ನಿಂತಿತು. ನಾನು ಹೇಳಬೇಕೆಂದಿರುವುದು ಅಲ್ಲಿಂದ ಮುಂದಿನದು.

ನಮ್ಮದು ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೇಸಿಗೆಯಲ್ಲಿ ಶುರುವಾದ ಕೀಮೋ ಮಳೆಗಾಲವನ್ನೆಲ್ಲ ತಿಂದಿತು. ಮೊದಲ ಸುತ್ತುಗಳಲ್ಲಿ ಕೆಂಪು ಔಷಧಿ, ಡಾಕ್ಸೊರುಬಿಸಿನ್. ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್. ಕೆಂಪಿನದು ವಾಂತಿ, ಬಾಯಿಹುಣ್ಣು. ಎರಡನೆಯದು ಸದ್ದಿಲ್ಲದೆ ಬರುತ್ತಿತ್ತು. ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದು ಎರಡು ಮೂರು ದಿನಕ್ಕೆ ತೊಡೆ, ಮೊಣಕಾಲು, ಸೊಂಟ ಎಲ್ಲ ಹಿಡಿದುಕೊಂಡು, ಮತ್ತೆರಡು ದಿನಕ್ಕೆ ಬಿಡುತ್ತಿತ್ತು. ಬಿಡುತ್ತದೆ ಎಂದು ಗೊತ್ತಿದ್ದರಿಂದ ತಡೆದುಕೊಂಡೆ. ಹೇಗೂ ಕೊನೆಯ ಡ್ರಿಪ್ ಆದ ಮೇಲೆ ಇದೂ ಹೋಗುತ್ತದಲ್ಲ ಎಂದು ಎಣಿಸಿದ್ದೆ.

ಕೊನೆಯ ಡ್ರಿಪ್ ಆಯಿತು. ರೇಡಿಯೇಶನ್ ಕೂಡ ಆಯಿತು. ದೀಪಾವಳಿಗೆ ತಲೆಯ ಮೇಲೆ ಬೆರಳಿಗೆ ಸಿಗುವಷ್ಟು ಕೂದಲು ಬಂತು. ಬಂದವರೆಲ್ಲ ಮುಖದಲ್ಲಿ ಕಳೆ ಬಂದಿದೆ ಎಂದರು. ನನಗೋ ಬೆಳಿಗ್ಗೆ ಎದ್ದು ನಿಲ್ಲಲು ಮಂಚದ ಕಾಲು ಹಿಡಿಯಬೇಕು. ಎದ್ದ ಮೇಲೆ ಬಚ್ಚಲಿನವರೆಗೆ ಗೋಡೆ ಹಿಡಿಯಬೇಕು. ಅಂಗೈ ಮುಚ್ಚಲು ಬರುತ್ತಿರಲಿಲ್ಲ. ಹಾರ್ಮೋನು ತಡೆಯುವ ಲೆಟ್ರೊಜೋಲ್ ಎಂಬ ಹಳದಿ ಮಾತ್ರೆ ಶುರು ಮಾಡಿದ್ದರು, ಐದು ವರ್ಷ ತೆಗೆದುಕೊಳ್ಳಬೇಕಾದದ್ದು. ಕೀಲುಗಳ ಬಿಗಿತಕ್ಕೆ ಅದರದೂ ಪಾಲಿತ್ತು. ನೋವಿಗಿಂತ ದೊಡ್ಡದು ದಣಿವು. ರಾತ್ರಿ ಪೂರಾ ಮಲಗಿ ಎದ್ದರೂ ಅದು ಇದ್ದಲ್ಲೇ ಇರುತ್ತಿತ್ತು. ತಲೆ ಬಾಚಿ, ಸೀರೆ ಉಟ್ಟು, ದೇವರಿಗೆ ಹೂ ಕೊಯ್ದರೆ ಆ ದಿನದ ಶಕ್ತಿ ಮುಗಿಯಿತು. ಕುಕ್ಕರಿನ ಸೀಟಿ ಎಷ್ಟಾಯಿತೆಂದು ನೆನಪಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಓದುತ್ತಿದ್ದ ಪುಟದ ಮೊದಲ ಸಾಲು ಕೊನೆಗೆ ಬರುವಷ್ಟರಲ್ಲಿ ಮರೆತಿರುತ್ತಿತ್ತು.

ಬಾಣಂತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮ ಕಡೆ ಚಿಕ್ಕ ಹುಡುಗಿಗೂ ಗೊತ್ತು. ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಯಾವತ್ತು ಹೊಸಿಲು ದಾಟಬಹುದು, ಯಾವತ್ತು ಬಾವಿಕಟ್ಟೆಗೆ ಹೋಗಬಹುದು, ಎಲ್ಲಕ್ಕೂ ಕ್ರಮವಿದೆ. ಕೀಮೋ ಮುಗಿಸಿ ಬಂದ ಹೆಂಗಸಿಗೆ ಅಂಥ ಕ್ರಮ ಯಾರೂ ಮಾಡಿಟ್ಟಿಲ್ಲ. ಅತ್ತೆ ಪ್ರೀತಿಯಿಂದ "ಕೂತಲ್ಲಿಂದ ಏಳಬೇಡ" ಎನ್ನುತ್ತಿದ್ದರು. ನೆಂಟರು ಫೋನಿನಲ್ಲಿ "ಶಾಲೆಗೆ ಹೋಗಲು ಶುರು ಮಾಡಿದೆಯಾ?" ಎಂದು ಕೇಳುತ್ತಿದ್ದರು. ಈ ಎರಡು ಮಾತಿನ ನಡುವೆ ನನಗೆ ದಾರಿ ಕಾಣುತ್ತಿರಲಿಲ್ಲ.

ಅದಕ್ಕಿಂತಲೂ ಆಳದಲ್ಲಿ ಒಂದು ಹೆದರಿಕೆ ಕೂತಿತ್ತು. ಯಜಮಾನರಿಗೂ ಹೇಳಿರಲಿಲ್ಲ. ಸ್ತನದ ಕ್ಯಾನ್ಸರ್ ಮರಳಿದರೆ ಮೂಳೆಗೆ ಹೋಗುವುದುಂಟು ಎಂದು ಎಲ್ಲೋ ಓದಿದ್ದೆ. ಸೊಂಟ ಚಳುಕಿದರೆ ಅದೇ ನೆನಪು. ರಾತ್ರಿ ಮೊಣಕಾಲು ಸೆಳೆದರೆ ಅದೇ ನೆನಪು.

ಡಿಸೆಂಬರಿನಲ್ಲಿ ಕೊನೆ ಕೊಯ್ಲು ಶುರುವಾಯಿತು. ಸಂಜೆ ಸುಲಿಯುವ ಹೆಂಗಸರು ಬಂದು ಚಪ್ಪರದ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತರು. ಅಂಗಳದ ಮೂಲೆಯಲ್ಲಿ ಅಡಿಕೆ ಬೇಯಿಸುವ ಹಂಡೆಗೆ ಉರಿ ಹಾಕಿದ್ದರು. ಚೊಗರಿನ ಒಗರು ವಾಸನೆ ಮನೆಯನ್ನೆಲ್ಲ ತುಂಬಿತ್ತು. ಮದುವೆಯಾಗಿ ಬಂದಾಗಿನಿಂದ ಆ ಸಾಲಿನಲ್ಲಿ ನನಗೊಂದು ಮೆಟ್ಟುಗತ್ತಿ ಇತ್ತು. ಶಾಲೆಯ ಕೆಲಸ ಮುಗಿಸಿ ಬಂದು ಒಂದು ಡಬ್ಬವಾದರೂ ಸುಲಿಯದೆ ಮಲಗಿದವಳಲ್ಲ. ಆ ವರ್ಷ ಮಾತ್ರ ಬೆರಳ ತುದಿಗಳು ಜೋಮು ಹಿಡಿದಿದ್ದವು. ಕಾಯಿ ಕೈಯಲ್ಲಿದೆಯೋ ಜಾರಿತೋ ನೋಡಿಯೇ ತಿಳಿಯಬೇಕು. ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈಗೆ ಗಾಯವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರ್ ಬೇರೆ ಹೇಳಿದ್ದರು. ಹಾಗಾಗಿ ಕತ್ತಿಯ ಹತ್ತಿರ ಹೋಗದೆ, ಒಲೆಯ ಪಕ್ಕ ಶಾಲು ಹೊದ್ದು ಕೂತಿದ್ದೆ.

ನಮ್ಮಲ್ಲಿಗೆ ವರ್ಷವೂ ಸುಲಿಯಲು ಬರುವ ಹಿರಿಯಾಕೆ ಒಬ್ಬರು. ಕಾಫಿ ಕೊಡಲು ಹೋದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದದ್ದನ್ನು, ಹೆಜ್ಜೆ ಇಡುವಾಗ ನೆಲ ನೋಡುತ್ತಿದ್ದುದನ್ನು ಅವರು ಗಮನಿಸಿದರು. ಲೋಟ ತೆಗೆದುಕೊಂಡು ಮೆಲ್ಲಗೆ ಕೇಳಿದರು: "ಅಮ್ಮಾ, ಕಾಲಡಿ ನೆಲ ಗೊತ್ತಾಗ್ತದಾ ನಿಮಗೆ?"

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಊಟ ಸೇರ್ತದಾ, ನಿದ್ರೆ ಬರ್ತದಾ ಎನ್ನುವುದನ್ನೇ ಎಲ್ಲರೂ ಕೇಳುತ್ತಿದ್ದುದು. ನಾನು ಇಲ್ಲವೆಂದು ತಲೆಯಾಡಿಸಿದೆ.

"ನಂಗೂ ಆಗಿತ್ತು" ಎಂದರು.

ಅವರಿಗೂ ಇದೇ ಕಾಯಿಲೆ ಬಂದಿತ್ತೆಂದು ನನಗೆ ಅಂದೇ ತಿಳಿದದ್ದು. ಬಹಳ ವರ್ಷದ ಹಿಂದೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿತ್ತಂತೆ. ಧರ್ಮಶಾಲೆಯಲ್ಲಿದ್ದು ಕೀಮೋ ಮುಗಿಸಿ ಬಂದದ್ದು ಸಸಿ ನೆಡುವ ಕಾಲಕ್ಕೆ. ಗದ್ದೆಗೆ ಇಳಿದರೆ ಕೆಸರು ಕಾಲಿಗೆ ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯುತ್ತಿರಲಿಲ್ಲ. "ಮುಳ್ಳು ಹೊಕ್ಕಿದ್ದೂ ಗೊತ್ತಾಗ್ಲಿಲ್ಲ. ಮನೆಗೆ ಬಂದು ಕಾಲು ತೊಳ್ಯಾಗ ರಕ್ತ ಕಂಡಿದ್ದು." ಮೈಕೈ ನೋವಿಗೆ ಮಲಗಿದರೆ ಮೊದಲನೇ ದಿನ ಹಿತ, ಎರಡನೇ ದಿನ ಏಳಲಿಕ್ಕೇ ಆಗದು. ಮನೆಯವರು ಸೋಮಾರಿತನ ಎಂದರಂತೆ. ಅವರೂ ಮೂಳೆಗೆ ಬಂತೆಂದು ತಿಳಿದು ಒಳಗೊಳಗೇ ಅತ್ತಿದ್ದರಂತೆ. ಸುಲಿಯುವ ಕೈ ನಿಲ್ಲಿಸದೆ, ದನಿ ಏರಿಸದೆ ಹೇಳಿದರು. ನಾನು ಅವರ ಪಕ್ಕದಲ್ಲಿ ಕೂತೆ. ನನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದು ಆ ರಾತ್ರಿ, ಅವರಿಗೆ.

"ಹೆದ್ರಿಕೆ ಡಾಕ್ಟ್ರಿಗೆ ಹೇಳಿ. ಸುಮ್ನೆ ಕೂತ್ಕಂಡು ಹೆದರ್ಬೇಡಿ" ಎಂದರು. ಆಮೇಲೆ ಒಂದು ಬುಟ್ಟಿ ಅಡಿಕೆ ನನ್ನ ಮುಂದೆ ಸುರಿದು, ಗೋಟು ಆರಿಸಿ ಕೊಡಿ ಎಂದರು. ಹಣ್ಣಾದ ಕಾಯಿಯನ್ನು ಹಸಿರಿನಿಂದ ಬೇರೆ ಮಾಡುವ ಕೆಲಸ, ಅದಕ್ಕೆ ಕತ್ತಿ ಬೇಡ. ಬೆರಳಿಗೆ ಕಾಣದ್ದನ್ನು ಕಣ್ಣು ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಬರಲು ಹೇಳಿದರು. ಮತ್ತೆ ಕೂರು, ಮತ್ತೆ ಏಳು.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಎಲ್ಲಿ ನೋಯುತ್ತದೆ, ಯಾವಾಗ, ಎರಡೂ ಕಡೆಯೋ ಒಂದೇ ಕಡೆಯೋ, ಓಡಾಡಿದರೆ ಹಗುರಾಗುತ್ತದೆಯೋ ಎಂದು ಒಂದೊಂದಾಗಿ ಕೇಳಿದರು. ಎರಡೂ ಕಡೆ ಸಮನಾಗಿದ್ದು, ಬೆಳಿಗ್ಗೆ ಬಿಗಿದು, ನಡೆದಾಡಿದ ಮೇಲೆ ಸಡಿಲವಾಗುವ ನೋವು ಹೆಚ್ಚಾಗಿ ಔಷಧಿಯದು. ಒಂದೇ ಜಾಗದಲ್ಲಿ ನಿಂತು, ದಿನದಿಂದ ದಿನಕ್ಕೆ ಹೆಚ್ಚುತ್ತ, ರಾತ್ರಿ ನಿದ್ರೆಗೆಡಿಸುವ ನೋವಾದರೆ ತಡಮಾಡದೆ ಬಂದು ಹೇಳಬೇಕು ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್, ವಿಟಮಿನ್ ಡಿ ಎರಡೂ ಕಡಿಮೆ. ದಣಿವೆಲ್ಲ ಕೀಮೋದ್ದೇ ಎಂದು ಸುಮ್ಮನಿದ್ದಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ. ಇದನ್ನು ಯಾರಿಗೆ ಹೇಳುವಾಗಲೂ ಒತ್ತಿ ಹೇಳುತ್ತೇನೆ.

ಜೋಮಿನ ಕಾರಣ ಹುಡುಕಿಕೊಂಡು ಓದಿದೆ. ಪಾಠ ಮಾಡುವವಳಿಗೆ ಕಾರಣ ತಿಳಿದರೆ ಅರ್ಧ ಭಯ ಹೋಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಬಂದದ್ದು ಒಂದು ಮರದ ತೊಗಟೆಯಿಂದ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನ ಯೂ ಮರ ಅದು. 1962ರಲ್ಲಿ ಅದರ ತೊಗಟೆ ಕೊಯ್ದು ಪ್ರಯೋಗಶಾಲೆಗೆ ಕಳಿಸಿದ್ದರು. ಅದರೊಳಗಿನ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗಿದ್ದವರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾನಿ. ನಮ್ಮ ದೇಶದಲ್ಲಿ ಹುಟ್ಟಿದವರೊಬ್ಬರ ಕೈ ನನ್ನ ಔಷಧಿಯ ಹಿಂದಿತ್ತು ಎನ್ನುವುದು ನನಗೆ ಈಗಲೂ ಸಂತೋಷ ಕೊಡುತ್ತದೆ. ಜೀವಕೋಶದ ಒಳಗಿನ ಸೂಕ್ಷ್ಮ ನಾಳಿಕೆಗಳನ್ನು ಈ ಔಷಧಿ ಬಿಗಿದುಬಿಡುತ್ತದೆ ಎಂದು 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್. ನಾಳಿಕೆ ಸಡಿಲವಾಗದೆ ಕ್ಯಾನ್ಸರ್ ಕೋಶ ಎರಡಾಗಲಾರದು, ಸಾಯುತ್ತದೆ. ಆದರೆ ನರಗಳೊಳಗೂ ಅವೇ ನಾಳಿಕೆಗಳಿವೆ. ಬೇಕಾದ್ದನ್ನೆಲ್ಲ ತುದಿಯವರೆಗೆ ಸಾಗಿಸುವುದು ಅವುಗಳ ಮೇಲೆಯೇ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ನೀರು ತರುವಾಗ ನಡುವೆ ಕೆಟ್ಟರೆ ಮೊದಲು ಒಣಗುವುದು ಕಟ್ಟಕಡೆಯ ಮನೆ. ಮೈಯಲ್ಲಿ ಅತಿ ಉದ್ದದ ನರಗಳು ಹೋಗುವುದು ಕಾಲ್ಬೆರಳಿಗೆ, ಆಮೇಲೆ ಕೈಬೆರಳಿಗೆ. ಕಾಯಿ ಕೈ ಜಾರಿದ್ದೂ ಚಪ್ಪಲಿ ಕಳಚಿದ್ದು ತಿಳಿಯದೆ ನಡೆದದ್ದೂ ಇದರಿಂದಲೇ. ಬಹಳ ಜನಕ್ಕೆ ತಿಂಗಳುಗಳಲ್ಲಿ ಇದು ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ.

ಇಳಿಯುವವರೆಗೆ ಕೈಕಾಲು ಕಾಪಾಡಿಕೊಳ್ಳಬೇಕು. ಅಂಗಳಕ್ಕೂ ಚಪ್ಪಲಿ ಹಾಕಿದೆ. ಸ್ನಾನದ ನೀರಿನ ಬಿಸಿಯನ್ನು ಬೆರಳಿನ ಬದಲು ಮೊಣಕೈಯಿಂದ ನೋಡಿದೆ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಂಡೆ.

ಇನ್ನು ನಡಿಗೆ. ಸುಲಿತದ ಹೆಂಗಸರು ಬರುವ ಮುಂಚೆ, ಸಂಜೆ, ಆ ಹಿರಿಯಾಕೆ ಬೇಗ ಬಂದು ನನ್ನನ್ನು ಹೊರಡಿಸುತ್ತಿದ್ದರು. ಮೊದಮೊದಲು ಉಣಗೋಲಿನವರೆಗೆ. ಅಷ್ಟಕ್ಕೇ ತೊಡೆ ನಡುಗುತ್ತಿತ್ತು. ಆಮೇಲೆ ಹಳ್ಳದ ಸಂಕದವರೆಗೆ. ಉಸಿರು ಮೇಲೆ ಬಂದರೂ ಮಾತಾಡಲು ಆಗಬೇಕು, ಅಷ್ಟೇ ವೇಗ. ಚೆನ್ನಾಗಿದ್ದ ದಿನ ಹುರುಪಿನಲ್ಲಿ ಎರಡರಷ್ಟು ನಡೆಯಲು ಬಿಡುತ್ತಿರಲಿಲ್ಲ. ಆಗದ ದಿನ ಪೂರ್ತಿ ಬಿಡಲೂ ಬಿಡುತ್ತಿರಲಿಲ್ಲ, ಅಂಗಳದ ಸುತ್ತಾದರೂ ಆಗಲಿ ಎನ್ನುತ್ತಿದ್ದರು. ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನವೊಂದನ್ನು ಆಮೇಲೆ ಓದಿದೆ. ನನ್ನಂಥದೇ ಮಾತ್ರೆಯಿಂದ ಕೀಲುನೋವು ಬಂದಿದ್ದ 121 ಹೆಂಗಸರಲ್ಲಿ ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ಸಲ ಭಾರ ಎತ್ತುವುದು. ವರ್ಷದ ಕೊನೆಗೆ ಅವರ ತೀವ್ರ ನೋವು ಶೇ. 29ರಷ್ಟು ಇಳಿದಿತ್ತು. ಓದುವಾಗ ನನಗೆ ನೆನಪಾದದ್ದು ಆ ಹಿರಿಯಾಕೆಯೇ. ಗದ್ದೆ ಅಂಚಿನಲ್ಲಿ ಬಿದ್ದು ಎದ್ದು ಕಲಿತದ್ದನ್ನೇ ಅವರು ನನಗೆ ಕಲಿಸಿದ್ದು.

ಅತ್ತೆಗೆ ಮೊದಲು ಇದು ಒಪ್ಪಿಗೆಯಿರಲಿಲ್ಲ. ನಡೆದು ಬಂದ ರಾತ್ರಿ ನಾನು ಚೆನ್ನಾಗಿ ನಿದ್ರೆ ಮಾಡುವುದನ್ನು ನೋಡಿ ಅವರೇ ಚಪ್ಪಲಿ ತಂದು ಮೆಟ್ಟಿಲ ಹತ್ತಿರ ಇಡತೊಡಗಿದರು. ಯಜಮಾನರು ಮಧ್ಯಾಹ್ನದ ಅಡುಗೆ ವಹಿಸಿಕೊಂಡರು. ಇದ್ದ ಶಕ್ತಿಯನ್ನು ಬೆಳಿಗ್ಗೆಯೇ ಒಲೆಯ ಮುಂದೆ ಕಳೆಯುವ ಬದಲು ಸಂಜೆಯ ನಡಿಗೆಗೆ ಉಳಿಸಿಕೊಂಡೆ.

ಜೂನಿನಲ್ಲಿ ಶಾಲೆಗೆ ಹಾಜರಾದೆ. ಮೊದಲ ತಿಂಗಳು ಕೂತೇ ಪಾಠ ಮಾಡಿದೆ. ಮಕ್ಕಳೇ ಬೋರ್ಡಿನ ಮೇಲೆ ಚಿತ್ರ ಬರೆದರು. ಕೈಬೆರಳುಗಳಿಗೆ ಸ್ಪರ್ಶ ಮರಳಿದೆ. ಎಡಗಾಲಿನ ಎರಡು ಬೆರಳಿಗೆ ಮಾತ್ರ ಇನ್ನೂ ಇಲ್ಲ. ಹಳದಿ ಮಾತ್ರೆ ನಡೆಯುತ್ತಿದೆ, ಬೆಳಗಿನ ಬಿಗಿತವೂ ಸ್ವಲ್ಪ ಇದೆ, ಬಸ್ ಸ್ಟಾಪಿನವರೆಗೆ ನಡೆದರೆ ಬಿಡುತ್ತದೆ. ಮರುವರ್ಷದ ಸುಲಿತಕ್ಕೆ ಆ ಹಿರಿಯಾಕೆ ಪಕ್ಕದೂರಿನ ಒಬ್ಬಳನ್ನು ಜೊತೆಗೆ ಕರೆತಂದಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಆಗಷ್ಟೇ ಕೀಮೋ ಮುಗಿಸಿದವಳು. ಗೋಟು ಆರಿಸಲು ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದರು.