ಬಿ.ಎ. ಪದವಿಯೂ ಬದುಕಿನ ಕಾಯಕವೂ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಇಂಜಿನಿಯರಿಂಗೋ, ವೈದ್ಯಕೀಯವೋ? ಎರಡೂ ಕೈಗೆಟುಕದವರು ವಿಧಿಯಿಲ್ಲದೆ ಸೇರುವ ಪದವಿ ಬಿ.ಎ. ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಸಮಾಜವಿಜ್ಞಾನಗಳನ್ನು ಕುರಿತ ಈ ತಾತ್ಸಾರವನ್ನು ನಮ್ಮ ಓದುಗ ಕುಟುಂಬಗಳು ಒಮ್ಮೆ ಪರಾಮರ್ಶಿಸಬೇಕೆಂಬುದು ನಮ್ಮ ಬಯಕೆ.

ನಾವು ಮಠದ ಪ್ರಸಾದ ನಿಲಯದಲ್ಲಿ ಬೆಳೆದು ಸಂಸ್ಕೃತವನ್ನೂ ವಚನ ಸಾಹಿತ್ಯವನ್ನೂ ಓದಿದವರು. ಬಳಿಕ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಪದವಿ ಪಡೆದೆವು. ಮಠವು ನಮಗೆ ಶ್ರದ್ಧೆಯನ್ನು ಕಲಿಸಿತು. ಪದವಿಯು ಪ್ರಶ್ನಿಸುವ ಕ್ರಮವನ್ನು ಕಲಿಸಿತು. ಬೇಲೂರಿನ ಚೆನ್ನಕೇಶವ ದೇಗುಲವನ್ನು ಜಕಣಾಚಾರಿ ಕಟ್ಟಿದನೆಂಬ ಕಥೆಯನ್ನು ಬಾಲ್ಯದಿಂದ ಕೇಳಿದ್ದೆವು. ಆದರೆ 1117ರಲ್ಲಿ ಪ್ರತಿಷ್ಠಾಪನೆಗೊಂಡ ಆ ದೇಗುಲದ ಶಿಲ್ಪಗಳ ಪೀಠಗಳನ್ನು ಓದಿದರೆ ಬೇರೆಯೇ ಹೆಸರುಗಳು ಕಾಣುತ್ತವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಅಲ್ಲಮಪ್ರಭುಗಳ ಊರೆಂದು ನಾವು ನೆನೆಯುವ ಬಳ್ಳಿಗಾವೆಯಿಂದ ಕುಶಲಕರ್ಮಿಗಳು ಅಷ್ಟು ದೂರ ಏಕೆ ಬಂದರು? ಅವರಿಗೆ ಅನ್ನವಿಟ್ಟವರು ಯಾರು? ಕಥೆ ಮುಗಿದಲ್ಲಿ ಇಂಥ ಪ್ರಶ್ನೆಗಳು ಹುಟ್ಟುತ್ತವೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದರಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿ ತೆರೆಯಿತು.

ಈ ವಿದ್ಯೆಯಿಂದ ಜಗತ್ತಿನ ಮನ್ನಣೆ ಪಡೆದ ಕನ್ನಡನಾಡಿನವರೂ ಉಂಟು. ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ.ಎನ್. ಶ್ರೀನಿವಾಸರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು, ಒಕ್ಕಲು ಮನೆಗಳ ಜಗಳ, ಮದುವೆ, ಬೇಸಾಯಗಳನ್ನು ಬರೆದಿಟ್ಟುಕೊಂಡರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿ ಬಿದ್ದು ಆ ಟಿಪ್ಪಣಿಗಳಿಗೆ ಅಪಾರ ಹಾನಿಯಾಯಿತು. ಎದೆಗುಂದದೆ ನೆನಪಿನ ಬಲದಿಂದಲೇ ಅವರು ಬರೆದ ಗ್ರಂಥ 1976ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ನಾವು ದಿನವೂ ಕಾಣುವ ಹಳ್ಳಿಯೇ ಶಾಸ್ತ್ರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ಅರಸೀಕೆರೆ ಕಡೆಯ ತೆಂಗು ಬೆಳೆಗಾರರೊಬ್ಬರು ಮಗಳೊಡನೆ ನಮ್ಮಲ್ಲಿಗೆ ಬಂದರು. ಆಕೆಗೆ ಇತಿಹಾಸ, ಅರ್ಥಶಾಸ್ತ್ರ ಓದುವ ಹಂಬಲ. ತಂದೆಗೆ ತೋಟದ ಮೇಲೆ ಸಾಲ ತೆಗೆದಾದರೂ ಇಂಜಿನಿಯರಿಂಗ್ ಸೀಟು ಕೊಡಿಸುವ ಹಟ. “ಗುರುಗಳೇ, ಬಿ.ಎ. ಓದಿದರೆ ನಾಳೆ ಅನ್ನ ಹುಟ್ಟುತ್ತದೆಯೇ? ತಾವೇ ಇವಳಿಗೆ ಬುದ್ಧಿ ಹೇಳಬೇಕು” ಎಂದರು. ಅವರ ಆತಂಕ ನಿರಾಧಾರವಾದುದಲ್ಲ. ಪದವಿಪತ್ರ ತೋರಿಸಿದೊಡನೆ ಕರೆದು ಕೆಲಸ ಕೊಡುವವರು ಈ ವಿದ್ಯೆಗೆ ವಿರಳ. ಬಿ.ಎ. ಎಂಬುದು ಬುನಾದಿ, ಅದರ ಮೇಲೆ ಗೋಡೆಯನ್ನು ನಾವೇ ಎಬ್ಬಿಸಬೇಕು. ಬಿ.ಎಡ್. ಮಾಡಿದರೆ ಶಾಲೆ, ಎಂ.ಎ. ಮುಗಿಸಿ ಅರ್ಹತಾ ಪರೀಕ್ಷೆ ಗೆದ್ದರೆ ಕಾಲೇಜು, ಮೂರು ವರ್ಷದ ಕಾನೂನು ಓದಿದರೆ ನ್ಯಾಯಾಲಯ, ಎಂ.ಎಸ್.ಡಬ್ಲ್ಯು. ಮಾಡಿದರೆ ಸಮಾಜ ಕಾರ್ಯ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಲ್ಲಿ ಕೇಳುವ ಇತಿಹಾಸ, ಸಂವಿಧಾನ, ಆರ್ಥಿಕ ವಿಷಯಗಳೂ ಈ ತರಗತಿಗಳವೇ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳನ್ನು ಬಲ್ಲವರ, ತಿಳಿಸಿ ಹೇಳುವವರ, ಕಾಪಾಡುವವರ ಅಗತ್ಯ ಇನ್ನೂ ಹೆಚ್ಚಿದೆ.

ಇದನ್ನೆಲ್ಲ ಕೇಳಿಯೂ ತಂದೆ ಮೌನವಾಗಿದ್ದರು. ಆಗ ಮಗಳೇ, “ಅಪ್ಪಾಜಿ, ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ಏಕೆ ಬಿತ್ತು ಎಂದು ನೀವೇ ಕೇಳುತ್ತೀರಿ. ನಾನು ಓದಬೇಕೆಂದಿರುವುದೂ ಅದನ್ನೇ” ಎಂದಳು. ಬೆಂಬಲ ಬೆಲೆ, ಖರೀದಿ, ದಾಸ್ತಾನುಗಳ ವಿಚಾರ ಆ ಮನೆಯ ನಿತ್ಯದ ಚಿಂತೆಯಾಗಿತ್ತು. ತೋಟ ಸಾಲದಿಂದ ಉಳಿಯಿತು, ಆಕೆ ಬಿ.ಎ. ಸೇರಿದಳು. ಈಗ ಎಂ.ಎ. ವ್ಯಾಸಂಗದಲ್ಲಿದ್ದಾಳೆ. ಉದ್ಯೋಗ ಇನ್ನೂ ದೊರೆಯಬೇಕಷ್ಟೆ. ಆದರೆ ಮಂಡಿಯ ಲೆಕ್ಕಪತ್ರಗಳನ್ನು ತಂದೆಗೆ ಬಿಡಿಸಿ ಹೇಳುವವಳು ಅವಳೇ.

ಮಕ್ಕಳು ಬಿ.ಎ. ಓದುತ್ತೇವೆಂದಾಗ ತಂದೆತಾಯಿಗಳು ನೆರೆಮನೆಯವರ ಮುಂದೆ ತಲೆತಗ್ಗಿಸಬೇಕಿಲ್ಲ. ‘ಏನನ್ನು ತಿಳಿಯಬಯಸುವೆ, ಪದವಿಯ ನಂತರ ಮುಂದೇನು?’ ಎಂಬ ಎರಡು ಪ್ರಶ್ನೆಗಳನ್ನು ಅಕ್ಕರೆಯಿಂದ ಕೇಳಲಿ. ಉತ್ತರವುಳ್ಳ ಮಗುವಿನ ದಾರಿಗೆ ಅಡ್ಡ ನಿಲ್ಲದಿರಲಿ. ಮನವೊಪ್ಪಿ ಕೈಗೊಂಡ ವಿದ್ಯೆಯೇ ಮುಂದೆ ಮನವೊಪ್ಪುವ ಕಾಯಕವಾಗುವುದೆಂಬುದು ನಮ್ಮ ದೃಢವಾದ ನಂಬಿಕೆ.