ನಾಲ್ಕನೇ ಸಿಲಿಂಡರ್



ನಿನ್ನೆ ಸಭೆಯ ಕರಪತ್ರ ಹಂಚೋಕೆ ಅಂತ ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರ್ಕೆಟ್ ಮುಂದೆ ನಿಂತಿದ್ದಾಗ ಹಳೇ ಕಾರೊಂದು ಕುಂಟುತ್ತಾ ಹೋಯಿತು. ನಾಲ್ಕು ಸಿಲಿಂಡರ್ ಇದ್ದೂ ಮೂರರಲ್ಲೇ ಓಡ್ತಿತ್ತು. ಹೂವಿನವರ ಕೂಗು, ಬಸ್ಸುಗಳ ಹಾರನ್ ನಡುವೆಯೂ ಕಿವಿ ತಾನಾಗೇ ಆ ಕಡೆ ತಿರುಗಿತು.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ನಾನು ಮೊದಲು ಗ್ಯಾರೇಜ್ ಹುಡುಗ. ಒಂಬತ್ತನೇ ಕ್ಲಾಸಲ್ಲಿ ಗಣಿತ ಫೇಲಾದಾಗ ಮೇಷ್ಟ್ರೊಬ್ಬರು ಎಲ್ಲರ ಮುಂದೆ "ನಿಮ್ಮೋರ ತಲೆಗೆ ಇದೆಲ್ಲ ಹತ್ತಲ್ಲ, ಬಿಡು" ಅಂದಿದ್ರು. ಬಿಟ್ಟೆ. ಅಮ್ಮ ಆಗ ರಸೆಲ್ ಮಾರ್ಕೆಟ್ಟಲ್ಲಿ ಕಸ ಗುಡಿಸ್ತಿದ್ಲು. 2012ರ ಫೆಬ್ರವರಿಯಲ್ಲಿ ಮಾರ್ಕೆಟ್ಟಿಗೆ ಬೆಂಕಿ ಬಿತ್ತಲ್ಲ, ಅದಕ್ಕೂ ಎರಡು ವರ್ಷ ಹಿಂದಿನ ಮಾತು. ಅವಳೇ ನನ್ನನ್ನ ಹಿಂದಿನ ಗಲ್ಲಿಯ ಉಸ್ತಾದ್ ಹತ್ರ ಬಿಟ್ಟು ಬಂದಳು. ಉಸ್ತಾದ್ ಯಾರ ಪೈಕಿ ಅಂತ ಕೇಳಲಿಲ್ಲ. "ಕಿವಿ ಸರಿಯಾಗಿ ಕೇಳ್ಸುತ್ತಾ ಬೇಟಾ?" ಅಂತ ಕೇಳಿದ್ರು, ಅಷ್ಟೇ.

ಒಂದಿನ ಕೆಂಪು ಬಣ್ಣದ ಸ್ಯಾನ್ ಸ್ಟಾರ್ಮ್ ಬಂತು. ನಮ್ಮ ಬೆಂಗಳೂರಿನ ಕಂಪನಿಯೇ 1998ರ ಸುಮಾರಿಗೆ ಹೊರತಂದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ತಯಾರಾಗ್ತಿದ್ದದ್ದು ಗೋವಾದಲ್ಲಿ. ಫೈಬರ್ ಬಾಡಿ, ಒಳಗೆ ರೆನೋದ 1149 ಸಿಸಿ ಪೆಟ್ರೋಲ್ ಇಂಜಿನ್, 60 ಕುದುರೆ ಶಕ್ತಿ. ರೋಡಲ್ಲಿ ಕಾಣೋದೇ ಅಪರೂಪ. ಗಲ್ಲಿಯ ಹುಡುಗರೆಲ್ಲ ಸುತ್ತ ನಿಂತ್ಕೊಂಡ್ವಿ.

ಆದರೆ ಐಡ್ಲಿಂಗಲ್ಲಿ ಇಡೀ ಗಾಡಿ ಚಳಿಜ್ವರ ಬಂದವರ ಥರ ನಡುಗ್ತಿತ್ತು. ರೇಸ್ ಕೊಟ್ರೆ ಸರಿಹೋಗ್ತಿತ್ತು. ಓನರ್ ಆಗಲೇ ಮೂರು ಗ್ಯಾರೇಜ್ ಸುತ್ತಿ ಬಂದಿದ್ರು. ಎರಡು ಸಲ ಪ್ಲಗ್ ಬದಲಾಗಿತ್ತು, ಇಂಜೆಕ್ಟರ್ ಕ್ಲೀನ್ ಆಗಿತ್ತು. ಕೊನೆಯ ಗ್ಯಾರೇಜಲ್ಲಿ "ನಾಲ್ಕನೇ ಸಿಲಿಂಡರ್ ಹೋಗಿದೆ, ಇಂಜಿನ್ ಇಳಿಸ್ಬೇಕು" ಅಂದಿದ್ರಂತೆ.

ಉಸ್ತಾದ್ ಪಾನಾ ಮುಟ್ಟಲಿಲ್ಲ. ಐದು ನಿಮಿಷ ಸುಮ್ನೆ ಕೇಳಿದ್ರು. ಆಮೇಲೆ ನನ್ನ ಕೈಲಿ ಒಂದೊಂದೇ ಇಂಜೆಕ್ಟರಿನ ಸಾಕೆಟ್ ತೆಗೆಸಿ, ಪ್ರತಿ ಸಲ ಸ್ಟಾರ್ಟ್ ಮಾಡಿಸಿದ್ರು. ಓಡ್ತಿರೋವಾಗ ಪ್ಲಗ್ ವೈರ್ ಕಿತ್ರೆ ಕಾಯಿಲ್ ಸುಡುತ್ತೆ, ಕೈಗೂ ಹೊಡೆಯುತ್ತೆ, ಅದಕ್ಕೇ ಹೀಗೆ. ಒಂದು, ಎರಡು, ಮೂರು, ಯಾವುದನ್ನ ತೆಗೆದ್ರೂ ಇಂಜಿನ್ ಇನ್ನೂ ಕುಸೀತಿತ್ತು. ನಾಲ್ಕನೇದು ತೆಗೆದಾಗ ಸದ್ದೇ ಬದಲಾಗ್ಲಿಲ್ಲ. ಅಂದ್ರೆ ಅದು ಕೆಲಸ ಮಾಡ್ತಿಲ್ಲ.

"ಹಾಗಾದ್ರೆ ಅವರು ಹೇಳಿದ್ದೇ ಸರಿ" ಅಂದೆ.

"ಕೆಲಸ ಮಾಡ್ತಿಲ್ಲ ಅನ್ನೋದು ಬೇರೆ, ಕೆಲಸ ಬರಲ್ಲ ಅನ್ನೋದು ಬೇರೆ ಬೇಟಾ" ಅಂದ್ರು.

ನಾಲ್ಕೂ ಪ್ಲಗ್ ಬಿಚ್ಚಿದ್ವಿ. ಮೂರರ ತುದಿ ತಿಳಿಕಂದು, ನಾಲ್ಕನೇದು ಬೆಳ್ಳಗೆ. ಪೆಟ್ರೋಲಿಗೆ ಗಾಳಿ ಜಾಸ್ತಿ ಆದಾಗ ಹಾಗಾಗುತ್ತೆ. ಪ್ಲಗ್ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದ್ವಿ. ನಾಲ್ಕೂ ಹೆಚ್ಚುಕಮ್ಮಿ ಒಂದೇ! ಆ ಸಿಲಿಂಡರಿಗೆ ಏನೂ ಆಗಿರಲಿಲ್ಲ.

ಪ್ಲಗ್ ವಾಪಸ್ ಹಾಕಿ ಗಾಡಿ ಚಾಲೂ ಮಾಡಿ, ಸಿರಿಂಜಲ್ಲಿ ಸೋಪಿನ ನೀರು ತಗೊಂಡು ಇಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡಿನ ಒಂದೊಂದು ಸೇರುವೆಗೂ ಉಸ್ತಾದ್ ಹನಿಸಿದ್ರು. ನಾಲ್ಕನೇದರ ಹತ್ರ ಹನಿಸಿದ್ದೇ ತಡ, ನಡುಕ ಒಂದು ಕ್ಷಣ ನಿಂತೋಯ್ತು. ನೀರು ಬಿರುಕು ಮುಚ್ಚಿತ್ತು. ಅಲ್ಲಿನ ಸೀಲ್ ವಯಸ್ಸಿಗೆ ಗಟ್ಟಿಯಾಗಿ ಸೀಳಿತ್ತು, ಕಳ್ಳಗಾಳಿ ಒಳಗೆ ಹೋಗ್ತಿತ್ತು. ಗುಜರಿ ಗಲ್ಲಿ, ಸ್ಪೇರ್ ಅಂಗಡಿ ಎಲ್ಲ ಅಲೆದು ಅಳತೆಗೆ ಹೊಂದೋ ಹೊಸ ಸೀಲ್ ತಂದೆ. ನೂರು ರೂಪಾಯಿಯೂ ಆಗಲಿಲ್ಲ.

"ಮತ್ತೆ ಸ್ಪೀಡಲ್ಲಿ ಯಾಕೆ ಗೊತ್ತಾಗ್ತಿರ್ಲಿಲ್ಲ?" ಅಂತ ಕೇಳ್ದೆ. ಐಡ್ಲಿಂಗಲ್ಲಿ ಇಂಜಿನ್ ತಗೊಳ್ಳೋ ಗಾಳಿಯೇ ಕಮ್ಮಿ, ಆ ಲೆಕ್ಕದಲ್ಲಿ ಸಣ್ಣ ಸೋರಿಕೆಯೂ ದೊಡ್ಡ ಪಾಲು. ರೇಸ್ ಕೊಟ್ಟಾಗ ರಾಶಿ ಗಾಳಿ ಹೋಗುತ್ತೆ, ಅದರಲ್ಲಿ ಅದು ಲೆಕ್ಕಕ್ಕೇ ಬರಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದ್ರು. ಅದು ಶೇಕಡಾವಾರು ಲೆಕ್ಕ. ನಂಗೆ ಹತ್ತಲ್ಲ ಅಂದಿದ್ದ ಗಣಿತ. ತಕ್ಷಣ ಅರ್ಥವಾಯ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವರ್ಷ ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ. ಪರೀಕ್ಷೆ ಫೀಸು ಕೊಟ್ಟಿದ್ದು ಉಸ್ತಾದ್. ಮಾರ್ಕ್ಸು ಹೇಳ್ಕೊಳ್ಳೋ ಹಾಗಿಲ್ಲ, ಆದರೆ ಗಣಿತ ಪಾಸು.

ಈಗಲೂ ಮೆರಿಟ್ಟಿನ ಮಾತು ಬಂದಾಗೆಲ್ಲ ಆ ಕಾರು ನೆನಪಾಗುತ್ತೆ. ಈ ಊರು ಓಡ್ತಿರೋವಾಗ ಜಾತಿ ಎಲ್ಲಿದೆ ಅಂತಾರೆ. ಬಾಡಿಗೆ ಮನೆ ಕೇಳೋಕೆ ಬಾಗಿಲಲ್ಲಿ ನಿಂತಾಗ ನಡುಕ ಶುರುವಾಗುತ್ತೆ. ನಮ್ಮ ಮಕ್ಕಳು ಹಿಂದೆ ಬಿದ್ದರೆ ಪ್ಲಗ್ ಬದಲಾಯಿಸ್ತಾರೆ, ಇಂಜಿನ್ ಇಳಿಸಬೇಕು ಅಂತಾರೆ. ಗೇಜ್ ಹಾಕಿ ನೋಡೋರು ಕಮ್ಮಿ. ಬಿರುಕು ಎಲ್ಲಿದೆ ಅಂತ ಹುಡುಕೋರು ಇನ್ನೂ ಕಮ್ಮಿ.

ನಿಮ್ಮ ಬೀದಿಯಲ್ಲಿ ಫೇಲಾಗಿ ಮನೇಲಿ ಕೂತಿರೋ ಹುಡುಗ, ಹುಡುಗಿ ಇದ್ದರೆ ಈ ವಾರ ಹೋಗಿ ಮಾತಾಡ್ಸಿ. ಬುದ್ಧಿ ಹೇಳೋದು ಆಮೇಲೆ. ಮೊದಲು ಐದು ನಿಮಿಷ ಸುಮ್ನೆ ಕೇಳಿ.

ಜೈಭೀಮ್.